ಆರೂವರೆಯ ಮೆಟ್ಟಿಲು

ಗದಗ, ನೆರಳೋಣಿ
ಮಧ್ಯಾಹ್ನಬಂದಿಯ ಐವತ್ತೆರಡನೆಯ ವರ್ಷ, ಯುಗಾದಿಗೆ ಇನ್ನು ಐದು ದಿನ
(ನಿನ್ನ ಲೆಕ್ಕದಲ್ಲಿ ಇಸವಿ ಎರಡು ಸಾವಿರದ ನೂರ ಅರವತ್ತಾರು)

ಪ್ರೀತಿಯ ಸುಲೋಚನಾ ಆಯಿಗೆ,

ಮೇಲಿನ ತಾರೀಕು ನೋಡಿ ಯಾರೋ ತಲೆಕೆಟ್ಟವರು ಬರೆದ ಕಾಗದ ಎಂದು ಎತ್ತಿಡಬೇಡ. ನಾನು ಕಸ್ತೂರವ್ವ. ನಿನ್ನ ಮಗಳು ಅಂಕಿತಾಳ ಮೊಮ್ಮಗಳ ಮಗಳು. ನೀನು ಈ ಡೈರಿ ಬರೆದಾಗ ನಿನಗೆ ನಲವತ್ನಾಲ್ಕು, ಇದನ್ನು ಬರೆಯುತ್ತಿರುವ ನನಗೆ ಅರವತ್ತಾರು. ವಯಸ್ಸು ನೋಡಿದರೆ ನೀನೇ ನನ್ನ ಕಾಲಿಗೆ ಬೀಳಬೇಕು, ಸಂಬಂಧ ನೋಡಿದರೆ ನಾನು ನಿನ್ನ ಕಾಲಿಗೆ. ಅದನ್ನು ಆಮೇಲೆ ತೀರ್ಮಾನ ಮಾಡೋಣ. ನಮ್ಮ ಮನೆಯಲ್ಲಿ ಆಯಿಗೆ ‘ನೀನು’ ಅನ್ನುವುದೇ ರೂಢಿ, ಅದನ್ನೇ ಬಳಸುತ್ತೇನೆ. ನನ್ನ ಕೆಲವು ಮಾತು ನಿನಗೆ ತಿಳಿಯಲಿಕ್ಕಿಲ್ಲ. ನಡುನಡುವೆ ಬಿಡಿಸಿ ಹೇಳುತ್ತಾ ಹೋಗುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ಮೊದಲು ಈ ತಾರೀಕಿನದೇ ಹೇಳುತ್ತೇನೆ. ನಮ್ಮ ಬಿಸಿಲು ನಿನ್ನ ಬಿಸಿಲಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಎಲ್ಲರೂ ಒಳಗೆ ಸೇರಿ ಎಂದು ಕೂಗು ಆಗುತ್ತದೆ, ಆಮೇಲೆ ಸಂಜೆ ಐದರವರೆಗೆ ಊರಿನಲ್ಲಿ ಒಂದು ನಾಯಿಯೂ ಹೊರಗೆ ಬರುವುದಿಲ್ಲ. ಅದೇ ಮಧ್ಯಾಹ್ನಬಂದಿ. ಅದು ಶುರುವಾದ ವರ್ಷದಿಂದ ನಾವು ವರ್ಷ ಎಣಿಸುತ್ತೇವೆ. ಓಣಿಗಳ ಮೇಲೆ ಈ ಮನೆಯ ಮಾಳಿಗೆಯಿಂದ ಆ ಮನೆಯ ಮಾಳಿಗೆಗೆ ದಪ್ಪ ಬಟ್ಟೆ ಕಟ್ಟಿರುತ್ತೇವೆ. ಗಾಳಿ ಎದ್ದಾಗ ಅದನ್ನು ಸುತ್ತಿಡಬೇಕು, ಬಿಸಿಲೇರುವ ಮುಂಚೆ ಬಿಚ್ಚಬೇಕು, ಹರಿದರೆ ಹೊಲಿಯಬೇಕು. ಈ ಕೆಲಸ ಮಾಡುವವರನ್ನು ನೆರಳುಗಾರರು ಅನ್ನುತ್ತಾರೆ. ನಾನು ನಲವತ್ತು ವರ್ಷ ನೆರಳುಗಾರ್ತಿ. ನೀರು ಕಪ್ಪತಗುಡ್ಡದ ಮೇಲೆ ಕಟ್ಟಿದ ಇಬ್ಬನಿ ಬಲೆಗಳಿಂದ ಇಳಿದು ಬರುತ್ತದೆ. ಆ ಬಲೆಗಳನ್ನು ನೇಯುವವರಲ್ಲಿ ನನ್ನ ಮಗಳು ದಾನಮ್ಮನೂ ಒಬ್ಬಳು. ಹೆಸರು ಕೇಳಿ ನಗಬೇಡ. ನಿಮ್ಮ ಕಾಲದ ಅಂಕಿತಾ, ಅನುಷಾ ಎಲ್ಲ ಹಳೆಯದಾಗಿ ಹೋಗಿ ದಾನಮ್ಮ, ಕಸ್ತೂರವ್ವ ಮತ್ತೆ ಹೊಸದಾಗಿ ಬಂದಿವೆ. ಮಿರ್ಚಿ ಭಜಿ ಮಾತ್ರ ಅಂದಿನಂತೆಯೇ ಇದೆ. ಬಂದಿ ಮುಗಿದು ಬಾಗಿಲು ತೆರೆದರೆ ಮೊದಲು ಬರುವುದು ಅದರ ವಾಸನೆ.

ಇನ್ನು ನಿನಗೆ ಹೇಳಬೇಕಾದ ದೊಡ್ಡ ಸಂಗತಿ ಎಂದರೆ ಉಳಿಕೆ. ಹೊಸ ವರ್ಷಕ್ಕೆ ನೀವು ಮಾಡುತ್ತಿದ್ದಿರಲ್ಲ, ನಾಳೆಯಿಂದ ಹಾಗೆ ಮಾಡುತ್ತೇನೆ ಹೀಗೆ ಮಾಡುತ್ತೇನೆ ಎಂದು, ಅದನ್ನು ನಾವು ಬಿಟ್ಟುಬಿಟ್ಟಿದ್ದೇವೆ. ಯಾರೂ ತಮ್ಮ ಸಂಕಲ್ಪ ತಾವು ಮಾಡುವುದಿಲ್ಲ. ಹಿಂದಿನವರು ಯಾರೋ ಮಾಡಿ, ನಡೆಸಲಾಗದೆ ಬಿಟ್ಟುಹೋದ ಒಂದನ್ನು ಯುಗಾದಿಯ ದಿನ ಎತ್ತಿಕೊಂಡು ನಡೆಸುತ್ತೇವೆ. ಒಬ್ಬರಿಗೆ ಒಂದೇ. ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಹಿಡಿಯಬಾರದು. ನಮಗೆ ನಾವೇ ಕೊಟ್ಟ ಮಾತನ್ನು ಸಂಕ್ರಾಂತಿಯೊಳಗೆ ಮರೆಯುವುದು ಎಷ್ಟು ಸುಲಭ ಎಂದು ನಿನಗೆ ನಾನು ಹೇಳಬೇಕಾಗಿಲ್ಲ. ಆದರೆ ಸತ್ತುಹೋದ ಅಜ್ಜಿಯದು ಎಂದಾಗ ಕೈ ತಾನಾಗಿ ಕೆಲಸಕ್ಕೆ ಹೋಗುತ್ತದೆ. ಅವಳ ಮುಖ ನೋಡಿರದಿದ್ದರೂ ಮಾನ ಉಳಿಸಬೇಕು ಅನಿಸುತ್ತದೆ. ಬೆಳಿಗ್ಗೆ ನಮ್ಮ ಓಣಿಯಲ್ಲಿ ನಡೆದು ಬಂದರೆ ಒಬ್ಬ ತನ್ನ ಮುತ್ತಜ್ಜ ಬಿಟ್ಟ ಬಸ್ಕಿ ಹೊಡೆಯುತ್ತಿರುತ್ತಾನೆ, ಒಬ್ಬಳು ಯಾವಳೋ ಸೋದರತ್ತೆ ಅರ್ಧಕ್ಕೆ ನಿಲ್ಲಿಸಿದ ಹಾರ್ಮೋನಿಯಂ ಪಾಠ ಬಾರಿಸುತ್ತಿರುತ್ತಾಳೆ. ಕೇಳುವವರ ಕಿವಿಗೆ ಅದು ಕಷ್ಟ, ಆದರೂ ಉಳಿಕೆ ಎಂದ ಮೇಲೆ ಯಾರೂ ಬಾಯಿ ಬಿಡುವುದಿಲ್ಲ.

ನಮ್ಮ ಮನೆತನಕ್ಕೆ ಉಳಿಕೆಯ ಬರವೇ ಇಲ್ಲ. ಅದು ನಿನ್ನ ದಯೆ. ನೀನು ಛಾಪಖಾನೆಯಲ್ಲಿ ಬೈಂಡಿಂಗ್ ಕೆಲಸ ಮಾಡುತ್ತಿದ್ದೆ, ಪ್ರತಿ ಡಿಸೆಂಬರಿನಲ್ಲಿ ಊರಿಗೆಲ್ಲ ಡೈರಿ ಕಟ್ಟಿ ಕೊಟ್ಟು, ಹಾಳೆ ತಿರುವುಮುರುವಾಗಿ ಮಾರಲಾಗದೆ ಉಳಿದ ಒಂದನ್ನು ಮನೆಗೆ ತರುತ್ತಿದ್ದೆ ಎಂದು ಅಂಕಿತಾ ಮುತ್ತಜ್ಜಿ ಹೇಳುತ್ತಿದ್ದಳಂತೆ. ನಮಗೆ ಸಿಕ್ಕಿರುವುದು ಒಂದೇ ಡೈರಿ, ನೀಲಿ ರಟ್ಟಿನದು. ಅದರ ಮೊದಲ ಪುಟದಲ್ಲಿ ಹತ್ತು ಸಂಕಲ್ಪ. ಐದಕ್ಕೆ ಏಳುವುದು. ಚಹಾಕ್ಕೆ ಸಕ್ಕರೆ ಬಿಡುವುದು, ಅದರ ಪಕ್ಕದಲ್ಲಿ ಬೇರೆ ಶಾಯಿಯಲ್ಲಿ ‘ಅರ್ಧ’. ದಿನಕ್ಕೆ ಐದು ಇಂಗ್ಲಿಷ್ ಶಬ್ದ. ಭಜಿ ವಾರಕ್ಕೆ ಒಮ್ಮೆ ಮಾತ್ರ. ಚೆನ್ನವೀರ ಕಾಕಾ, ಅಂದರೆ ನನ್ನ ತಂದೆಯ ತಮ್ಮ, ಸಕ್ಕರೆಯದನ್ನು ಹೊತ್ತಿದ್ದಾನೆ. ನಮ್ಮಲ್ಲಿ ಸಕ್ಕರೆ ಕಣ್ಣಿಗೆ ಬೀಳುವುದೇ ಹಬ್ಬಕ್ಕೊಮ್ಮೆ. ಆದರೂ ಎಂಬತ್ತನಾಲ್ಕರ ಮುದುಕ ಇಪ್ಪತ್ತೆಂಟು ವರ್ಷದಿಂದ ತಪ್ಪಿಲ್ಲ ಎಂದು ಮೀಸೆ ತಿರುವುತ್ತಾನೆ. ನಾನು ಮೂವತ್ತು ವರ್ಷದಿಂದ ಹೊತ್ತಿರುವುದು ನಿನ್ನ ಏಳನೆಯದು. ‘ಸಂಜೆ ಆರೂವರೆಗೆ ಹತ್ತು ನಿಮಿಷ ಮೆಟ್ಟಿಲ ಮೇಲೆ ಕೂಡುವುದು.’ ಅಷ್ಟೇ ಬರೆದಿದ್ದೀ. ಆಮೇಲೆ ಪುಟಪುಟಕ್ಕೂ ‘ಸಂಜೆ ಆರೂವರೆ’ ಎಂದು ಮೇಲೆ ಬರೆದುಕೊಂಡು, ಕೆಳಗೆ ‘ಇವತ್ತು ಕೂಡಲು ಆಗಲಿಲ್ಲ, ನಾಳೆ ಖಂಡಿತ.’ ಹೀಗೆ ಏಳು ದಿನ. ಅಲ್ಲಿಂದ ಡಿಸೆಂಬರಿನವರೆಗೆ ಡೈರಿ ಖಾಲಿ. ನಮ್ಮ ಮನೆಯಲ್ಲಿ ಯಾರಾದರೂ ಜೋರಾಗಿ ಶುರುಮಾಡಿ ಕೈಬಿಟ್ಟರೆ ‘ಏಳು ದಿನದ ಸುಲೋಚನಾ’ ಎಂದು ಛೇಡಿಸುತ್ತೇವೆ. ತಪ್ಪು ತಿಳಿಯಬೇಡ, ಪ್ರೀತಿಯಿಂದಲೇ ಅನ್ನುತ್ತೇವೆ.

ನಿನ್ನ ಏಳನೆಯದನ್ನು ಮೊದಲು ಹೊತ್ತವಳು ಅಂಕಿತಾ ಮುತ್ತಜ್ಜಿಯೇ. ಆಗ ಉಳಿಕೆ ಎಂಬ ಪದ್ಧತಿಯೂ ಇರಲಿಲ್ಲ, ಅವಳೇ ತಿಳಿದು ಮಾಡಿದ್ದು. ಅವಳ ಮನೆ, ಅಂದರೆ ಈಗ ನಾವಿರುವುದೇ, ಒಂದೇ ಅಂತಸ್ತು, ಮೆಟ್ಟಿಲು ಇರಲಿಲ್ಲ. ಗೌಂಡಿಯನ್ನು ಕರೆಸಿ ಅಂಗಳದಲ್ಲಿ ಮೂರು ಮೆಟ್ಟಿಲು ಕಟ್ಟಿಸಿದಳು. ಎಲ್ಲಿಗೂ ಹೋಗದ ಮೆಟ್ಟಿಲು. ಹತ್ತಿದರೆ ಗೋಡೆ. ಹೊಸಬರು ಬಂದರೆ ಇದೇನು ಎಂದು ಕೇಳದೆ ಹೋಗುವುದಿಲ್ಲ. ಆಳುದ್ದ ಅಗಲವಿರುವ ಆ ಮೆಟ್ಟಿಲಿನ ನಟ್ಟನಡುವೆ ನಾನು ಮೂವತ್ತು ವರ್ಷ ಕೌದಿ ಹಾಸಿ ಕೂತಿದ್ದೇನೆ. ಬೆನ್ನು ನೆಟ್ಟಗೆ, ಕಣ್ಣು ಅರ್ಧ ಮುಚ್ಚಿ. ನೀನು ಮನಸ್ಸಿನ ಶಾಂತಿಗೆ ಕೂಡಬೇಕೆಂದಿದ್ದೆ ಎಂದು ನನ್ನ ಅವ್ವ ಹೇಳಿಕೊಟ್ಟಿದ್ದಳು, ಅವಳಿಗೆ ಅವಳವ್ವ. ಉಳಿಕೆಯ ಹೊತ್ತಿನಲ್ಲಿ ಮಾತಿಲ್ಲ. ಯಾರಾದರೂ ಎದುರು ಬಂದರೆ ಅಂಗೈ ಎತ್ತಿ ತೋರಿಸಿದರೆ ಸಾಕು, ಬಂದವರು ತಿಳಿದು ನಿಲ್ಲುತ್ತಾರೆ.

ಇಲ್ಲಿಗೆ ಬಂದು ನನ್ನ ಕೈ ನಿಂತಿತು, ಆಯಿ. ನಡುವೆ ಎದ್ದು ಹೋಗಿ ನೀರು ಕುಡಿದು ಬಂದೆ. ಹೇಳಿಬಿಡುತ್ತೇನೆ.

ಆರು ವರ್ಷದ ಹಿಂದೆ ಒಂದು ಸಂಜೆ ದಾನಮ್ಮ ನಾನು ಕೂತಿದ್ದಾಗ ಬಂದು ಎದುರು ನಿಂತಳು. ನಮ್ಮದು ಗೋಡೆ ಒಂದೇ, ಬಾಗಿಲು ಬೇರೆ. ಅವಳೂ ಅವಳ ಗಂಡ ಬಸಲಿಂಗನೂ ಪಕ್ಕದ ಪಾಲಿನಲ್ಲಿದ್ದಾರೆ. ಅವಳಿಗೆ ಆಗ ಐದು ತಿಂಗಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ, ಒಂದು ಕೈ ಹೊಟ್ಟೆಯ ಮೇಲಿತ್ತು. ಇದೆಲ್ಲ ಕಂಡಿತ್ತು ನನಗೆ, ಅರ್ಧ ಮುಚ್ಚಿದ ಕಣ್ಣಿಗೂ ಕಂಡಿತ್ತು. “ಅವ್ವಾ” ಅಂದಳು. ನಾನು ಅಂಗೈ ಎತ್ತಿದೆ. ಅವಳು ಸ್ವಲ್ಪ ಹೊತ್ತು ನಿಂತಳು. ನಾನು ಹತ್ತು ನಿಮಿಷ ಮುಗಿಸಿ, ಕೌದಿ ಮಡಚಿ, ನಿಧಾನಕ್ಕೆ ಎದ್ದು ನೋಡಿದರೆ ಅಂಗಳದಲ್ಲಿ ಯಾರೂ ಇರಲಿಲ್ಲ. ಏನೋ ಹುಣಸೆಹಣ್ಣು ಕೇಳಲು ಬಂದಿರಬೇಕು ಎಂದುಕೊಂಡೆ. ಮೂರನೆಯ ದಿನ ಎದುರುಮನೆಯ ಹಜರತ್‌ಬಿ ಬಂದು ಹೇಳಿದಳು. “ಕೂಸಿನ ಎದಿಬಡಿತ ನಿಂತೈತಂತ ಡಾಕ್ಟರ್ ಹೇಳಿದ್ರಂತ ಕಸ್ತೂರವ್ವಾ. ಮೊದಲ ನಿನ್ನ ಹತ್ರನ ಬಂದಿದ್ಲಂತ. ನೀ ಕೈ ತೋರ್ಸಿದಿಯಂತಲ್ಲ.”

ನಾನು ಓಡಿಹೋಗಿ ಮಗಳ ಕಾಲು ಹಿಡಿಯಬೇಕಿತ್ತು. ಹೋದೆ, ಅತ್ತೆ, ಗಂಜಿ ಮಾಡಿ ಕೊಟ್ಟೆ. ಆದರೆ ತಪ್ಪಾಯಿತು ಅನ್ನಲಿಲ್ಲ. ಪದ್ಧತಿ ಪಾಲಿಸಿದೆ, ನನಗೇನು ಕನಸು ಬಿದ್ದಿತ್ತೇ ಎಂದು ನನ್ನೊಳಗೇ ವಾದ ಮಾಡುತ್ತಾ ಕೂತೆ. ಹಟಮಾರಿ ಹೆಂಗಸು ನಾನು, ಅದನ್ನು ಒಪ್ಪಿಕೊಳ್ಳಲು ಈಗ ನಾಚಿಕೆ ಇಲ್ಲ. ಅಂದಿನಿಂದ ದಾನಮ್ಮ ನನ್ನ ಜೊತೆ ಜಗಳವಾಡಿಲ್ಲ. ಊಟ ಆಯಿತೇ ಅಂದರೆ ಆಯಿತು ಅನ್ನುತ್ತಾಳೆ. ಜ್ವರ ಬಂದರೆ ಕಷಾಯ ತಂದಿಡುತ್ತಾಳೆ. ಸಂಜೆ ಆರೂವರೆಗೆ ಮಾತ್ರ ತನ್ನ ಕಡೆಯ ಬಾಗಿಲು ಮುಂದಕ್ಕೆ ಎಳೆದುಕೊಳ್ಳುತ್ತಾಳೆ. ಆ ಬಾಗಿಲು ಮುಚ್ಚುವ ಸದ್ದು ಕೇಳಿಕೊಂಡೇ ಆರು ವರ್ಷ ಶಾಂತಿಗೆಂದು ಕೂತಿದ್ದೇನೆ. ಎಂಥ ಶಾಂತಿ ಸಿಕ್ಕಿರಬಹುದು ನೀನೇ ಲೆಕ್ಕ ಹಾಕು.

ಮೂವತ್ತು ವರ್ಷವಾದ ಮೇಲೆ ಉಳಿಕೆಯನ್ನು ಮುಂದಿನವರಿಗೆ ಒಪ್ಪಿಸಬೇಕು. ಬರುವ ಯುಗಾದಿಗೆ ನನ್ನ ಸರದಿ. ಒಪ್ಪಿಸುವ ಮುಂಚೆ, ಯಾರ ಉಳಿಕೆಯೋ ಅವರಿಗೆ ಒಂದು ಕಾಗದ ಬರೆದಿಡುವುದು ಕಡ್ಡಾಯ. ನೀನು ಓದುತ್ತಿರುವುದು ಅದೇ. ಹೊರಬೇಕಾದವಳು ದಾನಮ್ಮ. ಬೇರೆ ಮಕ್ಕಳು ನನಗಿಲ್ಲ. ಯುಗಾದಿಯ ಬೆಳಿಗ್ಗೆ ಓಣಿಯ ಹಿರಿಯ ಮೂರು ಸಲ ಕೇಳುತ್ತಾನೆ. ಮೂರೂ ಸಲ ಸುಮ್ಮನಿದ್ದರೆ ನಿನ್ನ ಡೈರಿ ಊರ ಪುಸ್ತಕಮನೆಯ ಕಪಾಟಿಗೆ ಹೋಗುತ್ತದೆ, ಇನ್ನು ಯಾರೂ ನಿನಗಾಗಿ ಕೂಡುವುದಿಲ್ಲ. ಉಳಿಕೆ ನಿಂತುಹೋಗುತ್ತದೆ ಎಂಬುದಕ್ಕಿಂತ, ನಾಲ್ಕು ಜನರ ನಡುವೆ ಮಗಳು ನನ್ನದು ಯಾವುದೂ ಬೇಡ ಅಂದಂತಾಗುತ್ತದಲ್ಲ, ಅದು ನನ್ನ ಹೆದರಿಕೆ.

ಪದ್ಧತಿಯಂತೆ ಹೊರುವವರು ಮುಂಚಿತವಾಗಿ ವಸ್ತುವನ್ನು ನೋಡಿ ಧೂಳು ಒರೆಸಬೇಕು. ಮೊನ್ನೆ ಡೈರಿಯನ್ನು ಅವಳ ಕಟ್ಟೆಯ ಮೇಲೆ ಇಟ್ಟು ಬಂದೆ. ಮುಟ್ಟುತ್ತಾಳೋ ಇಲ್ಲವೋ ಎಂಬ ಅನುಮಾನವಿತ್ತು. ಮುಟ್ಟಿದಳು. ಬಲೆ ನೇಯುವ ಬೆರಳು ಅವಳದು, ಒಂದು ಎಳೆ ದಪ್ಪವಾದರೂ ಗೊತ್ತಾಗುತ್ತದೆ. ಜನವರಿ ಏಳರ ಹಾಳೆ ಉಳಿದವುಗಳಿಗಿಂತ ದಪ್ಪ ಎಂದು ಅವಳಿಗೆ ಅನಿಸಿತಂತೆ, ಬಸಲಿಂಗ ಆಮೇಲೆ ಹೇಳಿದ. ನೂರ ನಲವತ್ತು ವರ್ಷ ನಮ್ಮಲ್ಲಿ ಯಾರಿಗೂ ಅನಿಸಿರಲಿಲ್ಲ. ಅನ್ನದ ಗಡಿಗೆಯ ಹಬೆಗೆ ಹಿಡಿದು ನಿಧಾನಕ್ಕೆ ಬಿಡಿಸಿದ್ದಾಳೆ. ಎಂಟು ಒಂಬತ್ತರ ಪುಟಗಳನ್ನು ನೀನು ಮೈದಾ ಅಂಟು ಹಚ್ಚಿ ಒಂದಕ್ಕೊಂದು ಕೂಡಿಸಿಬಿಟ್ಟಿದ್ದೆ. ಬೈಂಡಿಂಗ್ ಮಾಡುವವಳ ಕೈ, ಅಂಚು ಕೂಡ ತಪ್ಪಿರಲಿಲ್ಲ. ಸಂಜೆ ನಾನು ಕೌದಿ ಹಿಡಿದು ಅಂಗಳಕ್ಕೆ ಬಂದರೆ, ಮೆಟ್ಟಿಲಿನ ನಡುವೆ, ನಾನು ಕೂಡುವ ಜಾಗದಲ್ಲಿ, ಆ ಪುಟ ತೆರೆದಿಟ್ಟಿತ್ತು. ದಾನಮ್ಮ ಇರಲಿಲ್ಲ. ಬಾಗಿಲು ಮುಚ್ಚಿತ್ತು.

ಎಂಟರ ಪುಟದಲ್ಲಿ ನೀನು ಬರೆದದ್ದನ್ನು ನಿನಗೇ ಬರೆದು ತೋರಿಸುವುದು ವಿಚಿತ್ರ, ಆದರೂ ಬರೆಯುತ್ತೇನೆ. “ಸಂಜೆ ಆರೂವರೆ. ಅಂಕಿತಾ ಟ್ಯೂಷನ್ನಿಂದ ಈಗ ಬಂದ್ಲು. ಕೆಳಗ ಮೆಟ್ಟಿಲ ಮ್ಯಾಲ ಕೂತು ಬೂಟು ಬಿಚ್ಚಾಕತ್ಯಾಳ. ಎರಡು ಬೂಟು ಬಿಚ್ಚಾಕ ಹತ್ತು ನಿಮಿಷ ಯಾಕ ಬೇಕು? ಒಳಗ ಬರಾಕ ಮನಸಿಲ್ಲ ಆಕಿಗೆ. ದೀಪಾವಳಿ ದಿನ ಎಲ್ಲಾರ ಮುಂದ ನಾ ಹೊಡದೆ. ಅವತ್ತಿನಿಂದ ನನ್ನ ಜೋಡಿ ಮಾತಿಲ್ಲ. ತಪ್ಪಾತು ಅನ್ನಾಕ ನನಗ ಬಾಯಿ ಬರವಲ್ದು. ಬರೇ ಹೋಗಿ ಬಾಜೂಕ ಕೂಡಬೇಕು. ಏನೂ ಕೇಳಬಾರದು. ಒಂದನೇ ತಾರೀಕಿನಿಂದ ದಿನಾ ಕೂಡತೀನಿ ಅಂತೀನಿ, ಇಲ್ಲಿ ಕೂತು ಬರಕೋತ ಉಳೀತೀನಿ. ಈ ಹಾಳಿ ಆಕಿ ಕಣ್ಣಿಗೆ ಬೀಳಬಾರದು.”

ನಾನು ನಿಂತಲ್ಲೇ ಮೂರು ಸಲ ಓದಿದೆ. ಅಂದರೆ ನೀನು ಒಬ್ಬಳೇ ಕೂಡಬೇಕೆಂದಿರಲಿಲ್ಲ. ಶಾಂತಿಯೂ ಅಲ್ಲ, ಧ್ಯಾನವೂ ಅಲ್ಲ. ನೀನು ನಿನ್ನ ಮಗಳ ಪಕ್ಕದಲ್ಲಿ ಕೂಡಬೇಕೆಂದಿದ್ದೆ. ಅದನ್ನೇ ನೆಪ ಮಾಡಿಕೊಂಡು ನಾನು ನನ್ನ ಮಗಳನ್ನು ಅಂಗೈ ತೋರಿಸಿ ನಿಲ್ಲಿಸಿದೆ. ಸಿಟ್ಟು ಬಂತು, ನಿನ್ನ ಮೇಲೂ ಬಂತು. ಇಷ್ಟು ಹೇಳಲು ನಿನಗೇನಾಗಿತ್ತು, ಯಾಕೆ ಅಂಟು ಹಚ್ಚಿದೆ ಎಂದು ಗೊಣಗಿದೆ. ಆಮೇಲೆ ನನ್ನ ಬಾಯಿಯಲ್ಲೂ ಆರು ವರ್ಷದಿಂದ ಅದೇ ಅಂಟು ಇದೆ ಎಂದು ನೆನಪಾಗಿ ಸುಮ್ಮನಾದೆ.

ಅಂದಿನಿಂದ ನಾನು ನಡುವೆ ಕೂಡುತ್ತಿಲ್ಲ. ಒಂದು ಪಕ್ಕಕ್ಕೆ ಸರಿದು, ಗೋಡೆಗೆ ಒರಗಿ ಕೂಡುತ್ತೇನೆ. ಕೌದಿಯನ್ನು ಪೂರ್ತಿ ಬಿಡಿಸಿ ಹಾಸುತ್ತೇನೆ. ನಿನ್ನೆಯೂ ಆಚೆಯ ಬಾಗಿಲು ಮುಚ್ಚಿಯೇ ಇತ್ತು. ಇವತ್ತು ಸ್ವಲ್ಪ ತೆರೆದಿತ್ತು, ಗಾಳಿಗೂ ಇರಬಹುದು.

ನಿನ್ನನ್ನು ಒಂದು ಮಾತು ಕೇಳಬೇಕಿತ್ತು. ಆ ಎಂಟನೆಯ ತಾರೀಕಿನ ನಂತರ ನೀನು ಕೂತೆಯೋ ಇಲ್ಲವೋ? ಡೈರಿಯಲ್ಲಿ ಏನೂ ಇಲ್ಲ. ಒಂದೊಂದೇ ಖಾಲಿ ಪುಟ ತಿರುವಿ ನೋಡಿದೆ. ನೀನೂ ಮೆಟ್ಟಿಲವರೆಗೆ ಹೋಗಲಾಗದೆ ಬಿಟ್ಟೆ ಎಂದಾದರೆ ನನಗೆ ಧೈರ್ಯ ಎಲ್ಲಿಂದ ಬರಬೇಕು? ಈ ಕಾಗದ ನಿನಗೆ ತಲುಪುವುದಿಲ್ಲ ಎಂಬುದು ಗೊತ್ತಿದ್ದೂ ಕೇಳುತ್ತಿದ್ದೇನೆ. ಹೆಣ್ಣುಮಗಳೇ, ಐದಕ್ಕೆ ಏಳುವುದು ಬಿಡು, ಇಂಗ್ಲಿಷ್ ಶಬ್ದ ಬಿಡು, ಚಹಾಕ್ಕೆ ಸಕ್ಕರೆ ಹಾಕಿಕೊಂಡು ಕುಡಿ, ನಮ್ಮ ಕಾಕಾ ನಿನ್ನ ಪಾಲಿನದನ್ನೂ ಬಿಟ್ಟಿದ್ದಾನೆ. ಒಂಬತ್ತನ್ನೂ ಬಿಟ್ಟುಬಿಡು. ಇದೊಂದನ್ನು ಮಾಡು.

ಇಷ್ಟು ಬರೆದು ಮುಗಿಸಿ ಮಡಚಿಟ್ಟಿದ್ದೆ. ಇವತ್ತು ಯುಗಾದಿ. ಕಾಗದವನ್ನು ಮತ್ತೆ ಬಿಚ್ಚಿದ್ದೇನೆ, ಪದ್ಧತಿಯಲ್ಲಿ ಇದಕ್ಕೆ ಅವಕಾಶವಿಲ್ಲ. ಈಚೆಗೆ ಪದ್ಧತಿಯ ಮೇಲೆ ನನಗೆ ಮೊದಲಿನ ಭಕ್ತಿ ಉಳಿದಿಲ್ಲ.

ಬೆಳಿಗ್ಗೆ ಬೇವು ಬೆಲ್ಲ ಆದ ಮೇಲೆ ಓಣಿಯವರೆಲ್ಲ ನೆರಳುಬಟ್ಟೆಯ ಕೆಳಗೆ ಸೇರಿದರು. ಹಿರಿಯ ಎಂದರೆ ನಮ್ಮ ಚೆನ್ನವೀರ ಕಾಕಾನೇ. “ಸುಲೋಚನಾನ ಏಳನೇದು. ಯಾರು ಹೊರತೀರಿ?” ಎಂದು ಕೇಳಿದ. ದಾನಮ್ಮ ನೆಲ ನೋಡುತ್ತಾ ನಿಂತಿದ್ದಳು. ಎರಡನೆಯ ಸಲ ಕೇಳಿದ. ಹಜರತ್‌ಬಿ ನನ್ನ ಮೊಣಕೈ ಹಿಡಿದುಕೊಂಡಳು. ಮೂರನೆಯ ಸಲ ಕೇಳುವ ಮುಂಚೆ ಕಾಕಾ ಬೇಕೆಂದೇ ಕೆಮ್ಮುತ್ತಾ ಹೊತ್ತು ಮಾಡಿದ. ಪುಣ್ಯಾತ್ಮ.

“ಹೊರತೀನಿ” ಎಂದಳು ದಾನಮ್ಮ. “ಆದರ ಒಬ್ಬಾಕೀನ ಅಲ್ಲ. ಅವ್ವನೂ ಬಾಜೂಕ ಕೂಡಬೇಕು.”

“ಹಂಗ ಪದ್ಧತಿ ಇಲ್ಲಲ್ಲವಾ” ಎಂದ ಕಾಕಾ.

“ಇವತ್ತಿನಿಂದ ಐತಿ.”

ಸಂಜೆ ಆರೂವರೆಗೆ ಹೋದೆ. ಅವಳು ಆಗಲೇ ಬಂದು ಕೂತಿದ್ದಳು, ಒಂದು ಪಕ್ಕಕ್ಕೆ. ನಾನು ಇನ್ನೊಂದು ಪಕ್ಕಕ್ಕೆ ಕೂತೆ. ನಡುವೆ ಒಂದು ಮೊಳ ಕೌದಿ. ಆಗ ನನಗೆ ಹೊಳೆಯಿತು, ಈ ಮೆಟ್ಟಿಲನ್ನು ಅಂಕಿತಾ ಮುತ್ತಜ್ಜಿ ಯಾಕೆ ಇಷ್ಟು ಅಗಲ ಕಟ್ಟಿಸಿದ್ದಳು ಎಂದು. ಒಬ್ಬರಿಗೆ ಇಷ್ಟು ಬೇಕಿಲ್ಲ. ಕೌದಿಯ ಅಂಚು ಸರಿಮಾಡಿದೆ. ದಾನಮ್ಮನೇ ಬಾಯಿ ತೆರೆದಳು.

“ಡೈರಿ ಖಾಲಿ ಐತಿ ಅಂತ ಅಳಬ್ಯಾಡ ಯವ್ವಾ. ಆಕಿ ಬರೀತಿದ್ದದ್ದು ಯಾವಾಗ? ಆರೂವರೆಗೆ. ಎಲ್ಲಾ ಪುಟದ ಮ್ಯಾಲೂ ಅದ ಐತಿ. ಎಂಟನೇ ತಾರೀಕಿನ ಮ್ಯಾಲ ಬರದಿಲ್ಲ ಅಂದ್ರ, ಆ ಹೊತ್ತಿಗೆ ಆಕಿ ಅಲ್ಲಿ ಇರಲಿಲ್ಲ. ಕೆಳಗ ಇದ್ಲು.”

ನಾನು ಅಳುತ್ತಿದ್ದುದು ನನಗೇ ಗೊತ್ತಿರಲಿಲ್ಲ. “ತಪ್ಪಾತು ದಾನವ್ವಾ” ಎಂದೆ. “ಅವತ್ತ ನಾ ಕೈ ಎತ್ತಬಾರದಿತ್ತು.” ಅವಳು ಇರಲಿ ಬಿಡು ಅನ್ನಲಿಲ್ಲ. ಅನ್ನದಿದ್ದದ್ದು ಒಳ್ಳೆಯದೇ ಆಯಿತು. ಆಮೇಲೆ, ಆ ಕೂಸಿಗೆ ತಾನು ಒಂದು ಹೆಸರು ಇಟ್ಟಿದ್ದಾಗಿ, ಅದನ್ನು ಯಾರ ಕಿವಿಯಲ್ಲಾದರೂ ಒಮ್ಮೆ ಹೇಳಬೇಕೆಂದು ಅಂದು ನನ್ನ ಹತ್ತಿರ ಬಂದಿದ್ದಾಗಿ ಹೇಳಿದಳು. ಬಸಲಿಂಗನಿಗೂ ಈವರೆಗೆ ಹೇಳಿಲ್ಲವಂತೆ. ನನ್ನ ಕಡೆ ಬಾಗಿ ಕಿವಿಯಲ್ಲಿ ಹೇಳಿದಳು. ಅದನ್ನು ಇಲ್ಲಿ ಬರೆಯುವುದಿಲ್ಲ, ಆಯಿ. ಅದು ನಮ್ಮಿಬ್ಬರ ನಡುವೆ ಇರಲಿ. ನಾವು ಏಳುವ ಹೊತ್ತಿಗೆ ಓಣಿಯ ದೀಪಗಳು ಹತ್ತಿದ್ದವು, ಹತ್ತು ನಿಮಿಷದ ಲೆಕ್ಕ ಇಟ್ಟವರು ಯಾರೂ ಇರಲಿಲ್ಲ.

ನಾಳೆಯಿಂದ ‘ಏಳು ದಿನದ ಸುಲೋಚನಾ’ ಎಂದು ಯಾರಾದರೂ ಅಂದರೆ ಅವರಿಗೆ ನನ್ನಿಂದ ಇದೆ. ನೀನು ಬಿಟ್ಟುಹೋದ ಒಂಬತ್ತನ್ನು ನಾವು ಹೇಗೋ ನೋಡಿಕೊಳ್ಳುತ್ತೇವೆ. ಒಂದನ್ನು ನೀನೇ ಮಾಡಿದ್ದೀ, ಅದಕ್ಕೇ ಆ ಮೆಟ್ಟಿಲು ಇದೆ, ಅದಕ್ಕೇ ನಾವಿಬ್ಬರೂ ಅದರ ಮೇಲೆ ಇದ್ದೇವೆ.

ನಿನ್ನ ಕಡೆ ಈಗ ಜನವರಿ ಒಂಬತ್ತು ಎಂದುಕೊಂಡಿದ್ದೇನೆ. ಬಿಸಿಲು ಇಳಿದಿದೆ, ಗೇಟಿನ ಸದ್ದು ಆಯಿತು. ಪೆನ್ನು ಮುಚ್ಚಿಡು, ಸುಲೋಚನಾ. ಹುಡುಗಿ ಬೂಟು ಬಿಚ್ಚುತ್ತಿದ್ದಾಳೆ.

ನಿನ್ನ
ಕಸ್ತೂರವ್ವ